ಕೋಡಿ ಬಿದ್ದ ವರ್ಷ ತರಿಸಿದ ಫ್ಯಾನು

ಜಾಲಿ ಸುಟ್ಟು ಇದ್ದಿಲು ಮಾಡುವ ಹೊಗೆ ಮೂಗಿಗೆ ಬಡಿದರೆ ಬೇರೆಯವರಿಗೆ ಕೆಮ್ಮು ಬರುತ್ತದೆ, ನನಗೆ ನಾಚಿಕೆಯಾಗುತ್ತದೆ. ಹೋದ ತಿಂಗಳು ಹಾಗೇ ಆಯಿತು. ಮಧುಗಿರಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ. ಮನೆ ಮಿಡಿಗೇಶಿ ಕಡೆಯ ನಮ್ಮೂರಲ್ಲೇ. ದಿನಾ ಬೈಕಿನಲ್ಲಿ ಓಡಾಡುವವನು ಕೆರೆ ಏರಿಯ ಮೇಲಿನ ಹತ್ತಿರದ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಡಾಂಬರು ರಸ್ತೆಯಲ್ಲೇ ಹೋಗಿಬರುತ್ತೇನೆ. ಯಾಕೆ ಎಂದು ಊರಿಗೆಲ್ಲ ಗೊತ್ತು, ಅದಕ್ಕೇ ಯಾರೂ ಕೇಳುವುದಿಲ್ಲ. ಅವತ್ತು ಪೈಪ್ ಹಾಕಲೆಂದು ಡಾಂಬರು ರಸ್ತೆಯನ್ನು ಅಗೆದುಬಿಟ್ಟಿದ್ದರು. ಬೇರೆ ದಾರಿ ಕಾಣದೆ ಏರಿ ಹತ್ತಿದೆ. ಕೆರೆಯಲ್ಲಿ ಹನಿ ನೀರಿರಲಿಲ್ಲ. ಆಚೆ ತುದಿಯಲ್ಲಿ ಇದ್ದಿಲಿನವರು ಬಳ್ಳಾರಿ ಜಾಲಿ ಕಡಿದು, ಗುಡ್ಡೆ ಹಾಕಿ, ಮಣ್ಣು ಮೆತ್ತಿ ಬೆಂಕಿ ಕೊಟ್ಟಿದ್ದರು. ಹೊಗೆ ನೇರ ಏರಿಯ ಕಡೆಗೇ ಬರುತ್ತಿತ್ತು. ಬೈಕ್ ನಿಲ್ಲಿಸಿದೆ. ನಿಲ್ಲಿಸಬಾರದಿತ್ತು. ಕೋಡಿ ಬಿದ್ದ ಆ ವರ್ಷ ಪೂರ್ತಿ ಎದ್ದು ಬಂದು ಎದುರಿಗೆ ನಿಂತುಕೊಂಡಿತು.

ನಮ್ಮಪ್ಪ ಈ ಕೆರೆಯ ನೀರಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ತಿರುಗಿಸುವುದು, ಸಾಕಾದಾಗ ತೂಬು ಮುಚ್ಚುವುದು ನಮ್ಮ ಮನೆಯ ಕೆಲಸ. ತಾತನದೂ ಅದೇ. ತೂಬೆಂದರೆ ಏರಿಯಿಂದ ಸ್ವಲ್ಪ ಒಳಗೆ ನೀರಿನಲ್ಲಿ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ಇಳಿಬಿಟ್ಟ ಒಂದು ಕಬ್ಬಿಣದ ಸರಳು. ಸರಳಿನ ತಲೆಯ ಬಳೆಗೆ ಹಾರೆ ತೂರಿಸಿ ಎತ್ತಿದರೆ ತಳದ ಬಾಯಿ ತೆರೆದು, ಏರಿಯ ಹಿಂದಿನ ತೊಟ್ಟಿ ತುಂಬಿ, ಅಲ್ಲಿಂದ ಕಾಲುವೆಗೆ ನೀರು ಉಕ್ಕುತ್ತದೆ. ಕೆರೆ ತುಂಬಿದ ವರ್ಷದ ಮೊದಲ ನೀರಿಗೆ ನಮ್ಮಲ್ಲಿ ಒಂದು ಕ್ರಮವಿದೆ. ನೀರಗಂಟಿ ತೂಬನ್ನು ಒಂದು ಬೆರಳಿನಷ್ಟು ಮಾತ್ರ ಎತ್ತಬೇಕು. ತೊಟ್ಟಿ ತುಂಬುವಷ್ಟರಲ್ಲಿ ಅವನು ಏರಿ ದಾಟಿ ಕಾಲುವೆಗೆ ಇಳಿದಿರುತ್ತಾನೆ. ಆಮೇಲೆ ಅವನು ಮುಂದೆ, ನೀರು ಹಿಂದೆ. ಬದುವಿನ ಮೇಲೆ ನಿಂತ ಗದ್ದೆಯವರು ಅವನ ಟವೆಲಿಗೆ ಒಂದೊಂದು ಹಿಡಿ ರಾಗಿ ಹಾಕುತ್ತಾರೆ. ಕೊನೆಯ ಗದ್ದೆ ಮುಟ್ಟುವವರೆಗೆ ಅವನು ಹಿಂದಕ್ಕೆ ತಿರುಗಿ ನೋಡುವ ಹಾಗಿಲ್ಲ.

ಅಪ್ಪ ಹಾಗೆ ನಡೆದದ್ದು ನಾನು ಹುಟ್ಟುವುದಕ್ಕೆ ಮುಂಚೆ. ಆಮೇಲೆ ಕೆರೆ ಅಷ್ಟು ತುಂಬಲೇ ಇಲ್ಲ. ಜನ ಬೋರ್‌ವೆಲ್ ಕೊರೆಸಿದರು, ಮೋಟಾರ್ ಇಳಿಬಿಟ್ಟರು, ಸುಟ್ಟುಹೋದಾಗ ಹೊತ್ತುಕೊಂಡು ನನ್ನ ಅಂಗಡಿಗೆ ಬಂದರು. ಅಪ್ಪನ ಕೆಲಸ ಸತ್ತ ಜಾಗದಲ್ಲಿ ನನ್ನ ಕೆಲಸ ಹುಟ್ಟಿತು. ಇದನ್ನು ಮನೆಯಲ್ಲಿ ಯಾರೂ ಎತ್ತಿ ಆಡಿದವರಲ್ಲ. ಆದರೆ ಪ್ರತಿ ಮಳೆಗಾಲದ ಮುಂಚೆ ಅಪ್ಪ ಬಾಗಿಲ ಹಿಂದಿನ ಹಾರೆ ತೆಗೆದು ಎಣ್ಣೆ ಸವರುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆಯ ಮಳೆಗೆ ಮರ್ಯಾದೆ ಉಂಟು, ಬಂದು ಮಾತಾಡಿಸಿ ಹೊರಟುಬಿಡುತ್ತದೆ. ಅದು ಮರ್ಯಾದೆಯಿಲ್ಲದ ಮಳೆ. ಕಿತ್ತು ಹಾಕಿದ ಕಡಲೆಕಾಯಿ ಗಿಡ ಹೊಲದಲ್ಲೇ ಮೊಳೆಯಿತು. ಜಯಮಂಗಲಿ ತುಂಬಿ ಹರಿದು ಕೊರಟಗೆರೆ ಕಡೆಯ ಬಸ್ಸು ಎರಡು ದಿನ ನಿಂತಿತು. ಮೇಲಿನ ಕೆರೆ ತುಂಬಿ ಕೆಳಗಿನದಕ್ಕೆ, ಅದು ತುಂಬಿ ಅದರ ಕೆಳಗಿನದಕ್ಕೆ ಹರಿದು, ಒಂದು ಬೆಳಿಗ್ಗೆ ನಮ್ಮ ಕೆರೆಯೂ ಕೋಡಿ ಬಿತ್ತು. ಜನ ಹಬ್ಬದ ಬಟ್ಟೆ ಹಾಕಿಕೊಂಡು ನೋಡಲು ಹೋದರು. ಹಾಳುಬಿದ್ದ ಬೋರ್‌ವೆಲ್‌ಗಳಲ್ಲೂ ನೀರು ತಾನಾಗಿ ಮೇಲೆ ಬಂತು. ಒಂದು ಮೋಟಾರೂ ಸುಡಲಿಲ್ಲ. ನಾನು ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆ. ಕೆಲಸವಿಲ್ಲದವನ ತಲೆ ನೆಟ್ಟಗಿರುವುದಿಲ್ಲ ಎನ್ನುತ್ತಾರಲ್ಲ, ಅದು ಸುಳ್ಳಲ್ಲ.

ಆ ಹೊತ್ತಿಗೆ ಬಾವ ದೋಣಿ ತಂದ. ಬಾವ ಎಂದರೆ ನಮ್ಮಕ್ಕನ ಗಂಡ, ಪಾವಗಡದ ಬಲಸಮುದ್ರದವನು, ಹೆಸರು ನರಸಿಂಹಪ್ಪ. ಅವನ ಹೊಲವೆಲ್ಲ ಸೋಲಾರಿನವರಿಗೆ ಹೋಗಿ ವರ್ಷಾವರ್ಷ ಬಾಡಿಗೆ ಬರುತ್ತಿತ್ತು. ಹೊಲವಿಲ್ಲದ ಮೇಲೆ ಕೈಗೆ ಕೆಲಸವಿಲ್ಲ, ಕೈಗೆ ಕೆಲಸವಿಲ್ಲದ ಮೇಲೆ ಖಯಾಲಿ. ಕರಾವಳಿಯಲ್ಲಿ ಯಾರೋ ಬೀಚಿನ ಆಟಗಳ ವ್ಯಾಪಾರ ಮುಚ್ಚಿದರಂತೆ, ಅವರ ಸ್ಪೀಡ್ ಬೋಟನ್ನು ಲಾರಿಗೆ ಹಾಕಿಸಿಕೊಂಡು ನೇರ ನಮ್ಮೂರಿಗೇ ಬಂದ. ಬಿಳಿ ಮೈ, ಚೂಪು ಮೂತಿ, ಹಿಂದೆ ಆಳೆತ್ತರದ ಮೋಟಾರು. ಬಿಸಿಲು ಮಾರಿ ದೋಣಿ ತಂದವನು ಎಂದು ಊರವರು ನಕ್ಕರು. ಬಾವನೂ ನಕ್ಕ.

"ಎಟ್ಲುಂದಿ ಬಾಮ್ಮರ್ದೀ? ಹೆಂಗೈತೆ?" ಎಂದು ಪಾವಗಡದವರ ಹಾಗೆ ತೆಲುಗು ಬೆರೆಸಿ, ನನ್ನ ಬೆನ್ನು ಗುದ್ದಿದ. "ಮಾವನ್ನ ಇದ್ರಾಗೆ ಕುಂಡ್ರುಸ್ಕೊಂಡು ಕೆರೆ ಸುತ್ತ ಒಂದು ರೌಂಡ್ ಹೊಡ್ದು, ತೂಬಿನತ್ರ ರಾಜನಂಗೆ ಇಳುಸ್ತೀನಿ. ಊರು ನೋಡ್ಬೇಕು!"

ಅಪ್ಪನಿಗೆ ಮೊದಲಿನ ಹಾಗೆ ತೂಬಿನ ತನಕ ಈಜುವ ವಯಸ್ಸು ದಾಟಿತ್ತು. ಊರವರು ಕೂತು ಮಾತಾಡಿ, ತೂಬು ಎತ್ತುವುದು ಅವನೇ ಎಂದು ಒಪ್ಪಿದ್ದರು. ಸಿರಾದ ಬಾಷಾ ಭಾಯ್ ಮೀನಿನ ಗುತ್ತಿಗೆ ಹಿಡಿದು ಹರಿಗೋಲು ತಂದಿಟ್ಟಿದ್ದ. ಅಪ್ಪನಿಗೆ ಅಷ್ಟು ಸಾಕಿತ್ತು. "ಹರಗೋಲು ಐತಲ್ಲ ಕಣ್ಲಾ, ಅತ್ ಮಾರು ದೂರಕ್ಕೆ ಇಂತಾದ್ಯಾಕೆ?" ಎಂದ. ನಾನು ಕೇಳಲಿಲ್ಲ. ಊರೆಲ್ಲ ಮರೆತ ನೀರಗಂಟಿಯನ್ನು ಊರೆಲ್ಲ ಬಾಯಿ ಬಿಟ್ಟು ನೋಡುವ ಹಾಗೆ ಕರೆದುಕೊಂಡು ಹೋಗಬೇಕು ಎಂದು ನನಗೂ ಹಟ ಹುಟ್ಟಿತ್ತು. ಅಪ್ಪನಿಗೋಸ್ಕರ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ದೋಣಿಯಲ್ಲಿ ಅವನ ಪಕ್ಕ ನಿಂತ ನಾನು.

ದೋಣಿ ನೀರಿಗಿಳಿಸಿದ ದಿನವೇ ಒಂದು ತೊಂದರೆ ಕಂಡಿತು. ಬಾವ ಜೋರು ಕೊಟ್ಟರೆ ಮೋಟಾರು ಅರಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಬಿಚ್ಚಿ ನೋಡಿದೆ. ನೀರನ್ನು ತಳ್ಳುವ ಪ್ರೊಪೆಲ್ಲರ್, ನಮ್ಮೂರವರ ಬಾಯಲ್ಲಿ ಫ್ಯಾನು, ಅಲ್ಯುಮಿನಿಯಮ್ಮಿನದು, ಮೂರು ರೆಕ್ಕೆ. ಅದರ ನಡುವಿನ ಗುಂಬಕ್ಕೂ ಶಾಫ್ಟಿಗೂ ಮಧ್ಯೆ ರಬ್ಬರು ಒತ್ತಿ ಕೂರಿಸಿದ್ದರು. ಆ ರಬ್ಬರು ಹಿಡಿತ ಬಿಟ್ಟು, ಶಾಫ್ಟು ಒಳಗೊಳಗೇ ತಿರುಗುತ್ತಿತ್ತು. ನನಗೆ ಮೈ ಉರಿಯಿತು. ಬೋರ್‌ವೆಲ್ ಪಂಪಿನಲ್ಲಿ ಚಕ್ರ ಶಾಫ್ಟಿನ ಮೇಲೆ ಜಾರಿದರೆ ರೈತ ಮೆಟ್ಟಿನಲ್ಲಿ ಹೊಡೆಯುತ್ತಾನೆ, ಪೈಪೆಲ್ಲ ಮೇಲೆತ್ತಬೇಕು. ಜಾರುವುದೆಂದರೆ ನಮ್ಮ ಕಸುಬಿನಲ್ಲಿ ಮಾನ ಹೋದ ಹಾಗೆ.

ಮಂಗಳೂರಿನ ಒಂದು ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದೆ. ಆ ಮನುಷ್ಯ ಬಹಳ ತಾಳ್ಮೆಯವನು. ಮೊದಲು ದೋಣಿಯಲ್ಲಿ ಎಷ್ಟು ಜನ ಎಂದು ಕೇಳಿದ. ಫ್ಯಾನಿನ ರೆಕ್ಕೆಯ ಓರೆ ಹೆಚ್ಚಿದ್ದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ ದೂಡುತ್ತದೆ, ವೇಗ ಬರುತ್ತದೆ. ಆದರೆ ಭಾರ ಹೇರಿದರೆ ಮೋಟಾರು ತಿಣುಕುತ್ತದೆ, ಬೈಕನ್ನು ನಾಲ್ಕನೇ ಗೇರಿನಲ್ಲಿ ದಿಬ್ಬ ಹತ್ತಿಸಿದ ಹಾಗೆ. ಭಾರಕ್ಕೆ ಓರೆ ಕಡಿಮೆಯಿದ್ದು ನಾಲ್ಕು ರೆಕ್ಕೆಯಿದ್ದರೆ ಒಳ್ಳೆಯದು, ನಿಧಾನ ಆದರೂ ದೋಣಿ ಬೇಗ ನೀರಿನ ಮೇಲೆ ಏಳುತ್ತದೆ ಎಂದ. ಆಮೇಲೆ ಗುಂಬದ ಮಾತು ಬಂತು.

"ಮೂರು ನಮೂನೆ ಉಂಟು. ರಬ್ಬರು ಒತ್ತಿದ್ದು ಒಂದು. ಪ್ಲಾಸ್ಟಿಕ್ಕಿನ ತೋಳು ಹಾಕುವಂಥದ್ದು ಇನ್ನೊಂದು, ಹೋದರೆ ನೀವೇ ಬದಲು ಮಾಡಬಹುದು. ಮತ್ತೆ ಗಟ್ಟಿ ಗುಂಬ, ನಡುವೆ ಎಂತದೂ ಇಲ್ಲ, ಲೋಹಕ್ಕೆ ಲೋಹ. ಅದು ರೇಸಿನವರಿಗೆ. ನಿಮ್ಮ ಕೆರೆಯ ಅಡಿಯಲ್ಲಿ ಎಂತ ಉಂಟು?"

"ನೀರು," ಎಂದೆ.

ಅವನು ನಕ್ಕ. "ಅದಲ್ಲ ಮಾರಾಯ್ರೆ. ಕಲ್ಲು, ಮರ? ಫ್ಯಾನು ಎಂತಕ್ಕಾದರೂ ಬಡಿದರೆ ಆ ರಬ್ಬರೋ ಪ್ಲಾಸ್ಟಿಕ್ಕೋ ಹೋಗಬೇಕು. ಅದು ಹೋಗಲಿಕ್ಕೇ ಇರುವುದು. ಅದು ಹೋಗದಿದ್ದರೆ ಪೆಟ್ಟು ಒಳಗಿನ ಗೇರಿಗೆ."

ಹಾಳಾಗಲಿಕ್ಕೆಂದೇ ಮಾಡಿದ ಭಾಗ! ಇದನ್ನು ಒಪ್ಪಲು ನನ್ನ ಕಸುಬು ಬಿಡಲಿಲ್ಲ. ಇನ್ನು ಕೆರೆಯ ತಳ. ಅದನ್ನು ನನಗೆ ಹೇಳಿಕೊಡುವವರು ಯಾರು? ನಮ್ಮ ಕಡೆಯವರು ಕೆರೆಯಲ್ಲಿ ನೀರು ನೋಡಿದ್ದಕ್ಕಿಂತ ನೆಲ ನೋಡಿದ್ದೇ ಹೆಚ್ಚು. ಆ ಅಂಗಳದಲ್ಲಿ ಮೇಕೆ ಮೇಯಿಸಿದ್ದೇನೆ, ಸೈಕಲ್ ಕಲಿತಿದ್ದೇನೆ, ಸಂಜೆ ಬಯಲಿಗೆ ಹೋಗಿದ್ದೇನೆ. ಆಚೆ ತುದಿಯಲ್ಲಿ ಜಾಲಿ ಇತ್ತು ನಿಜ. ಆ ಬೇಸಿಗೆಯಲ್ಲೇ ಇದ್ದಿಲಿನವರು ಒಂದೂ ಬಿಡದೆ ಕಡಿದಿದ್ದನ್ನು ಕಣ್ಣಾರೆ ಕಂಡಿದ್ದೆ. "ಮರಗಿರ ಏನಿಲ್ಲ ಸಾರ್, ಎಲ್ಲಾ ಕಡ್ದಾಗಿದೆ," ಎಂದೆ. ಸ್ಟೀಲಿನ ಫ್ಯಾನು, ಮೂರು ರೆಕ್ಕೆ, ಇದ್ದದ್ದರಲ್ಲಿ ಹೆಚ್ಚಿನ ಓರೆ, ಗಟ್ಟಿ ಗುಂಬ. ಇಷ್ಟು ನನ್ನ ಆಯ್ಕೆ. ಬಾವನಿಗೆ ಹೇಳಿದಾಗ ಅವನು ನನ್ನನ್ನು ಅಪ್ಪಿಕೊಂಡ.

ಫ್ಯಾನು ಬಸ್ಸಿನಲ್ಲಿ ಬಂತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನೂ ಬಾವನೂ ಇಬ್ಬರೇ ಕೂತು ಓಡಿಸಿದೆವು. ಅಬ್ಬಾ, ಅದೇನು ಓಟ! ಮಿಡಿಗೇಶಿ ಬೆಟ್ಟ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ಬಂತು. ಊರಿನ ಹೆಂಗಸರು ಬಟ್ಟೆ ಒಗೆಯುವುದು ಬಿಟ್ಟು ನಿಂತರು. ಮನೆಗೆ ಬಂದು ಅಪ್ಪನ ಮುಂದೆ ಕೊಚ್ಚಿಕೊಂಡೆ. ಅವನು ರಾಗಿ ಮುದ್ದೆ ಮುರಿಯುತ್ತ, "ಜಾಲಿ ಬುಡ ಕಿತ್ತವ್ರೇನ್ಲಾ?" ಎಂದು ಕೇಳಿದ. "ಕಡಿದವ್ರೆ ಕಣಪ್ಪ," ಎಂದೆ. ಅವನು ಕೇಳಿದ್ದು ಬುಡದ ಮಾತು, ನಾನು ಹೇಳಿದ್ದು ಮರದ ಮಾತು. ಅವನು ಮತ್ತೆ ಕೇಳಲಿಲ್ಲ, ಮಗ ಕಲಿತವನು ಎಂದು ಸುಮ್ಮನಾದ.

ತೂಬು ಎತ್ತುವ ದಿನ ಬಿಸಿಲು ಬಂದಿತ್ತು. ಏರಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ತಮಟೆ ಬಡಿಯುತ್ತಿದ್ದರು. ಊರಿನಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೆಲ್ಲ ಕರೆಸಿದ್ದರು. ಅವರು ಮೊರದ ಬಾಗಿನ ಹಿಡಿದು ಸಾಲಾಗಿ ನಿಂತಿದ್ದರು, ನಮ್ಮಕ್ಕನೂ ಇದ್ದಳು. ಕಾಲುವೆಯ ಉದ್ದಕ್ಕೂ ಗದ್ದೆಯವರು ರಾಗಿ ಕಟ್ಟಿಕೊಂಡು ಕಾಯುತ್ತಿದ್ದರು. ಅಪ್ಪ ಹೊಸ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಹಾರೆ ಹಿಡಿದು ಬಂದ. ಬಾವ ಅವನಿಗೆ ಕಿತ್ತಳೆ ಬಣ್ಣದ ತೇಲುವ ಜಾಕೆಟ್ ತೊಡಿಸಲು ಹೋದ. "ನೀರಗಂಟಿಗೆ ಇದ್ಯಾಕಪ್ಪ, ನೀರು ನಗ್ತದೆ," ಎಂದ ಅಪ್ಪ. ಆದರೂ ಅಳಿಯನ ಮಾತು ಮೀರಬಾರದೆಂದು ತೊಟ್ಟುಕೊಂಡ.

ಮೂವರು ಕೂತ ಮೇಲೆ ದೋಣಿ ಏಳಲಿಲ್ಲ. ಮೂತಿ ಆಕಾಶಕ್ಕೆ, ಹಿಂಭಾಗ ನೀರೊಳಕ್ಕೆ. ಮಂಗಳೂರಿನವನು ಹೇಳಿದ ಹಾಗೇ ಮೋಟಾರು ತಿಣುಕಿತು. ಏರಿಯ ಮೇಲೆ ಯಾರೋ ಸಿಳ್ಳೆ ಹೊಡೆದರು. ಆಗಲೇ ಸೀದಾ ತೂಬಿಗೆ ಹೋಗಿದ್ದರೆ ಮುಗಿಯುತ್ತಿತ್ತು. ನನಗೆ ಆ ಸಿಳ್ಳೆ ತಡೆಯಲಾಗಲಿಲ್ಲ. ಅಪ್ಪನನ್ನು ಮುಂದಿನ ಮೂತಿಗೆ ಸರಿಸಿ ಕೂರಿಸಿ, "ಆಚೆ ಕಡೆ ಅಗಲ ಐತೆ ಬಾವ, ಅಲ್ಲಿ ಬುಡು ಜೋರಾಗಿ," ಎಂದೆ. ಬಾವ ಬಿಟ್ಟ. ನಿಧಾನವಾಗಿ ಮೂತಿ ಇಳಿಯಿತು, ದೋಣಿ ನೀರಿನ ಮೇಲೆ ಹತ್ತಿಕೊಂಡಿತು, ಹಾರತೊಡಗಿತು. ಅಪ್ಪ ಒಂದು ಕೈಯಲ್ಲಿ ಹಾರೆ, ಒಂದು ಕೈಯಲ್ಲಿ ಅಂಚು ಹಿಡಿದು ಕೂತಿದ್ದ. "ಮೆತ್ತಗೆ ಕಣ್ಲಾ, ಮೆತ್ತಗೆ," ಎಂದದ್ದು ಗಾಳಿಯಲ್ಲಿ ನನಗೆ ಕೇಳಿಸಿತು. ಕೇಳಿಸಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆಚೆ ತುದಿಯಲ್ಲಿ ಬಾವ ತಿರುಗಿಸಲು ವೇಗ ತಗ್ಗಿಸಿದ. ದೋಣಿಯ ಹಿಂಭಾಗ ಇಳಿಯಿತು. ಆಗ ಕೆಳಗೆ ಏನೋ ಸಿಡಿದ ಸದ್ದು. ಇದ್ದಿಲಿನವರು ಮರ ಕಡಿಯುವುದು ಸೊಂಟದ ಎತ್ತರಕ್ಕೆ, ಬಗ್ಗುವುದು ಯಾರಿಗೆ ಬೇಕು? ನೀರಿನ ಕೆಳಗೆ ಆ ಮೊಂಡುಗಳೆಲ್ಲ ಹಾಗೇ ನಿಂತಿದ್ದವು. ರಬ್ಬರಿದ್ದಿದ್ದರೆ ಜಾರಿ ಸುಮ್ಮನಾಗುತ್ತಿತ್ತು. ನನ್ನ ಗಟ್ಟಿ ಗುಂಬ ಜಾರಲಿಲ್ಲ. ಮಾನ ಉಳಿಸಿಕೊಂಡಿತು, ಗೇರು ಪೆಟ್ಟಿಗೆ ಸೀಳಿಹೋಯಿತು. ದೋಣಿ ಮುಗ್ಗರಿಸಿತು. ಅಪ್ಪ ಹಾರಿ ಅಂಚಿಗೆ ಬಿದ್ದ. ಅವನ ಹಾರೆ ನೀರಿಗೆ ಹೋಯಿತು. ಎದ್ದು ಕೂತು ಬಲ ಮಣಿಕಟ್ಟು ಹಿಡಿದುಕೊಂಡ, ಅದು ಆಗಲೇ ಊದುತ್ತಿತ್ತು. ಮೋಟಾರು ಅರಚಿ ನಿಂತಿತು. ನೀರಿನ ಮೇಲೆ ಎಣ್ಣೆ ಹರಡಿತು. ಏರಿಯ ತಮಟೆಯೂ ನಿಂತುಹೋಯಿತು.

"ಅಯ್ಯೋ, ನಿಮ್ಮ ಫ್ಯಾನಿಗೆ ಬೆಂಕಿ ಹಾಕ! ಅಪ್ಪನ್ನ ಏನ್ ಮಾಡುದ್ರೋ!" ಅಕ್ಕ ಕೂಗಿದ್ದು ಅಷ್ಟು ದೂರಕ್ಕೂ ಕೇಳಿತು.

ಬಾಷಾ ಭಾಯ್ ಹರಿಗೋಲು ಹಾಕಿಕೊಂಡು ಬಂದ. "ಚಾಚಾ, ಆಸ್ಪತ್ರೆಗೆ ಹೋಗಾಣ," ಎಂದ ಬಾಷಾ. ಅಪ್ಪ ತಲೆಯಾಡಿಸಿದ. "ತೂಬಿಗೆ ಬುಡಪ್ಪ. ಜನ ಕಾಯ್ತಾವ್ರೆ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ. ನನ್ ಕೈ ಏಳಾಕಿಲ್ಲ," ಎಂದ. ಬಾವ ದೋಣಿಯಲ್ಲೇ ಉಳಿದ, ತಲೆಯ ಮೇಲೆ ಕೈ ಹೊತ್ತು.

ಹರಿಗೋಲು ಗಿರಗಿರ ತಿರುಗುತ್ತ ನಿಧಾನವಾಗಿ ಏರಿಯ ಮುಂದೆ ಹಾದು ಹೋಯಿತು. ಊರೆಲ್ಲ ನೋಡುತ್ತಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ನೆಲ ಬಾಯಿ ಬಿಟ್ಟರೆ ಇಳಿದು ಹೋಗೋಣ ಎಂದರೆ ಕೆಳಗೆ ನೆಲವೂ ಇಲ್ಲ. ತೂಬಿನ ಕಂಬಕ್ಕೆ ಹರಿಗೋಲು ಒತ್ತಿ ಹಿಡಿದು ಬಾಷಾ, ಮುಳುಗಿದ ಹಾರೆಯ ಬದಲಿಗೆ, ಹರಿಗೋಲಿನಲ್ಲಿ ಬಿದ್ದಿದ್ದ ಗುದ್ದಲಿ ಕಾವನ್ನು ನನಗೆ ಕೊಟ್ಟ. ನಾನು ಸರಳಿನ ಬಳೆಗೆ ತೂರಿಸಿದೆ. "ಒಂದ್ ಬೆಳ್ಳು ಕಣಪ್ಪಾ. ಒಂದೇ ಬೆಳ್ಳು," ಎಂದ ಅಪ್ಪ. ಎಷ್ಟೋ ವರ್ಷ ಕೂತಿದ್ದ ಸರಳು, ಅಲುಗಲಿಲ್ಲ. ಏರಿಯ ಕಣ್ಣುಗಳೆಲ್ಲ ಬೆನ್ನ ಮೇಲೆ ಕೂತಿದ್ದವು. ಹೇಗಾದರೂ ಇದನ್ನಾದರೂ ಸರಿಯಾಗಿ ಮಾಡಿ ತೋರಿಸಿಬಿಡಬೇಕು ಎಂದು, ಇದ್ದ ಶಕ್ತಿಯನ್ನೆಲ್ಲ ಬಿಟ್ಟು ಎಳೆದೆ. ಸರಳು ಒಮ್ಮೆಲೇ ಬಿಟ್ಟುಕೊಂಡು ಪೂರ್ತಿ ಮೇಲೆ ಬಂದು ಸಿಕ್ಕಿಕೊಂಡಿತು. ಕೆಳಗೆ ಬಾಯಿ ಪೂರಾ ತೆರೆದು ನೀರು ಗುಡುಗಿತು. ಮತ್ತೆ ಇಳಿಸಲು ಒದ್ದಾಡಿದೆ, ಇಳಿಯಲಿಲ್ಲ. ಅಪ್ಪ ತನ್ನ ಎಡಗೈಯನ್ನು ಕಾವಿನ ಮೇಲಿಟ್ಟು ಒತ್ತಿ ನೋಡಿ, ತೆಗೆದುಬಿಟ್ಟ.

ನಾವು ಏರಿ ಹತ್ತಿ ಆಚೆ ನೋಡುವಷ್ಟರಲ್ಲಿ ತೊಟ್ಟಿ ಒಡೆದುಕೊಂಡು ನೀರು ಕಾಲುವೆಯುದ್ದ ಹೋಗಿಬಿಟ್ಟಿತ್ತು. ಗದ್ದೆಯವರು ಬದುವಿನ ಮೇಲೆ ಮುಷ್ಟಿಯಲ್ಲಿ ರಾಗಿ ಹಿಡಿದು ಹಾಗೇ ನಿಂತಿದ್ದರು. ನೀರಿನ ಮುಂದೆ ಯಾರೂ ಇರಲಿಲ್ಲ. ಅಪ್ಪ ಕಿತ್ತಳೆ ಜಾಕೆಟ್ ಹಾಕಿಕೊಂಡೇ ಸ್ವಲ್ಪ ಹೊತ್ತು ನೋಡಿದ. ಅಕ್ಕ ಅಳುತ್ತ ಬಂದು ಅವನ ಕೈ ಹಿಡಿದಳು. "ನೀರಿಗೆ ದಾರಿ ಗೊತ್ತಿರ್ತದೆ ಬುಡವ್ವ," ಎಂದ. ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ, ಆ ಟವೆಲಿನಲ್ಲಿ ಮುಖಕ್ಕೆ ಬಾರಿಸಿದ್ದರೆ ನಾನು ಇವತ್ತಿಗೂ ಏರಿಯ ಮೇಲೆ ಓಡಾಡುತ್ತಿದ್ದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಪ್ಪನ ಕೈಗೆ ಪಟ್ಟಿ ಹಾಕಿಸಿದರು, ಮೂಳೆ ಕೂಡಿತು, ಮಣಿಕಟ್ಟು ಮಾತ್ರ ಪೂರ್ತಿ ಬಗ್ಗುವುದಿಲ್ಲ. ಬಾವ ದೋಣಿಯನ್ನು ಬಲಸಮುದ್ರಕ್ಕೆ ಒಯ್ದು ಮೋಟಾರು ಕಳಚಿದ. ಈಗ ಅದರಲ್ಲಿ ಅಕ್ಕ ಮೇಕೆ ಮರಿಗಳನ್ನು ಕೂಡುತ್ತಾಳೆ. ಕೆರೆ ಮತ್ತೆ ಬತ್ತಿತು, ಸಿಕ್ಕಿಕೊಂಡಿದ್ದ ತೂಬಿನ ಸರಳನ್ನು ಊರವರು ಬಿಡಿಸಿ ಇಳಿಸಿದರು. ಮೋಟಾರುಗಳು ಮತ್ತೆ ಸುಡತೊಡಗಿದವು, ನನ್ನ ಅಂಗಡಿ ಮತ್ತೆ ತುಂಬಿತು. ಒಳ್ಳೆಯ ವ್ಯಾಪಾರವಾದ ದಿನ ಮನೆಗೆ ಬಂದು ಅಪ್ಪನ ಮುಖ ನೋಡಲು ಕಷ್ಟವಾಗುತ್ತದೆ.

ಹೋದ ತಿಂಗಳು ಏರಿಯಿಂದ ಇಳಿದು ಆ ಹೊಗೆಯ ಕಡೆಗೆ ನಡೆದೆ. ಮೊಂಡುಗಳ ನಡುವೆ ನಾನು ಹುಡುಕುವುದನ್ನು ಕಂಡು ಇದ್ದಿಲಿನವರಲ್ಲಿ ಒಬ್ಬ, "ಫ್ಯಾನ್ ಮೊಂಡಾ ಅಣ್ಣ? ಅಗೋ ಅದು," ಎಂದು ಕೈ ತೋರಿಸಿದ. ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಮೊಂಡಿನ ಹೆಸರು ಗೊತ್ತಿತ್ತು. ಅದರ ನೆತ್ತಿಯಲ್ಲಿ ರೆಕ್ಕೆ ಕಚ್ಚಿದ ಗಾಯ ಇನ್ನೂ ಇತ್ತು, ಅದರ ಪಕ್ಕದಿಂದಲೇ ಹೊಸ ಚಿಗುರು ಎದ್ದಿತ್ತು. ಸ್ವಲ್ಪ ಆಚೆ, ಬಿರುಕು ಬಿಟ್ಟ ಮಣ್ಣಿನಲ್ಲಿ ಹಾರೆಯ ಮೂತಿ ಕಾಣಿಸಿತು. ಕೈಯಲ್ಲೇ ಬಗೆದು ತೆಗೆದೆ.

ಮನೆಯ ಜಗಲಿಯ ಮೇಲೆ ಅದನ್ನು ಅಪ್ಪನ ಮುಂದಿಟ್ಟು, "ಅಪ್ಪಾ, ನನ್ನಿಂದ ತಪ್ಪಾಯ್ತು," ಎಂದೆ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಅವನು ಹಾರೆಯ ಮೇಲಿನ ಮಣ್ಣನ್ನು ಉಗುರಿನಲ್ಲಿ ಕೆರೆದ. ತುಕ್ಕು ನೋಡಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ.

"ಬಾ," ಎಂದ. "ಒಂದ್ ಬೆಳ್ಳು ಅಂದ್ರೆ ಎಷ್ಟು ಅಂತ ತೋರುಸ್ತೀನಿ."

ಒಣಗಿದ ಕೆರೆಯಂಗಳದಲ್ಲಿ ತೂಬಿನ ತನಕ ನಡೆದೆವು. ಕಂಬಗಳ ಅಡ್ಡಗಲ್ಲಿನ ಮೇಲೆ ಹತ್ತಿ ನಿಂತು, ಎಡಗೈಯಲ್ಲಿ ಹಾರೆ ತೂರಿಸಿ, ನನ್ನ ಕೈಯನ್ನು ಅದರ ಮೇಲಿಡಿಸಿ ಎತ್ತಿಸಿದ. ಜಾಸ್ತಿಯಾಯಿತು, ಇಳಿಸು ಎಂದ, ಮತ್ತೆ ಎತ್ತಿಸಿದ. ಸರಿಯಾದ ಮೇಲೆ ಏರಿ ದಾಟಿ ಒಣ ಕಾಲುವೆಗೆ ಇಳಿದ. ನಾನು ಕೈ ಹಿಡಿಯಲು ಪಕ್ಕಕ್ಕೆ ಹೋದೆ. ಅವನು ಬೇಡವೆಂದು ಕೈ ಬೀಸಿದ.

"ನೀನು ಹಿಂದ್ಗಡೆ ಬಾ," ಎಂದ. ಟವೆಲನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು ನಡೆಯತೊಡಗಿದ. ಮೊದಲ ಗದ್ದೆ ದಾಟಿತು. ಅವನು ತಿರುಗಿ ನೋಡಲಿಲ್ಲ. ನನ್ನ ಹೆಜ್ಜೆ ಅವನ ಹಿಮ್ಮಡಿಗೆ ತಾಗುವಷ್ಟು ಹತ್ತಿರ ಬಂದಾಗ ಮಾತ್ರ, ಮುಂದೆ ನೋಡುತ್ತಲೇ ಹೇಳಿದ:

"ಮೆತ್ತಗೆ ಕಣ್ಲಾ. ನೀರು ಅಷ್ಟು ಜೋರಾಗಿ ಬರಾಕಿಲ್ಲ."